ವಿಂಡೋಸ್, ಮ್ಯಾಕ್, ಲಿನಕ್ಸ್: ತಂತ್ರಾಂಶ ಸಿದ್ಧವಿದ್ದರೂ ಇನ್‌ಸ್ಟಾಲ್ ಹಂತದಲ್ಲೇ ಜನ ಸೋಲುವುದೇಕೆ? ಹೈದರಾಬಾದ್ ಹೇಳುವ ಪಾಠ

ಹೈದರಾಬಾದ್: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯದಾದ ಬಹುತೇಕ ಪ್ರೊಸೆಸರ್‌ಗಳು ಅದರ ಅಧಿಕೃತ ಪಟ್ಟಿಯಲ್ಲೇ ಇಲ್ಲ. ಚೆನ್ನಾಗಿ ಓಡುತ್ತಿರುವ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರ ಮುಂದೆ ಈಗ ಮೂರು ದಾರಿಗಳಿವೆ. ಹೊಸದನ್ನು ಕೊಳ್ಳಬೇಕು, ಅಪಾಯ ಗೊತ್ತಿದ್ದೂ ಹಳೆಯದರಲ್ಲೇ ಮುಂದುವರಿಯಬೇಕು ಅಥವಾ ಉಚಿತವಾಗಿ ಸಿಗುವ ಲಿನಕ್ಸ್‌ಗೆ ಬದಲಾಗಬೇಕು.

ಮೂರನೆಯ ದಾರಿ ಕೇಳಲು ಸುಲಭ. ಆದರೆ ಸಿಕಂದರಾಬಾದ್‌ನ ಪಾರ್ಕ್‌ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್ ಆಗಲಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಾಗಲಿ, ಕಂಪ್ಯೂಟರ್ ಕೊಳ್ಳಲು ಬರುವ ಸಾಮಾನ್ಯ ಗ್ರಾಹಕ ಆಪರೇಟಿಂಗ್ ಸಿಸ್ಟಂ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಆತ ಕೇಳುವುದು ಒಂದೇ ಪ್ರಶ್ನೆ: ‘ನನ್ನ ಕೆಲಸದ ಸಾಫ್ಟ್‌ವೇರ್ ಇದರಲ್ಲಿ ಓಡುತ್ತದೆಯೇ?’ ಟ್ಯಾಲಿ, ನುಡಿ, ತೆರಿಗೆ ಇಲಾಖೆಯ ಆಫ್‌ಲೈನ್ ಯುಟಿಲಿಟಿ, ಡಿಟಿಪಿ ತಂತ್ರಾಂಶ, ಹೀಗೆ ಪ್ರತಿಯೊಬ್ಬರಿಗೂ ಅವರದೇ ಪಟ್ಟಿ ಇದೆ. ಬೀದರ್, ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಹಾಗಾಗಿ ಇದು ತೆಲಂಗಾಣದ ಪ್ರಶ್ನೆ ಮಾತ್ರವಲ್ಲ, ಕಲ್ಯಾಣ ಕರ್ನಾಟಕದ ಅಂಗಡಿ, ಶಾಲೆ, ಕಚೇರಿಗಳ ಪ್ರಶ್ನೆಯೂ ಹೌದು.

ಉತ್ತರ ಅಡಗಿರುವುದು ಹೆಚ್ಚು ಚರ್ಚೆಯಾಗದ ಒಂದು ಕೆಲಸದಲ್ಲಿ. ತಂತ್ರಜ್ಞರು ಅದನ್ನು ಪ್ಯಾಕೇಜಿಂಗ್ ಎನ್ನುತ್ತಾರೆ.

ಏನಿದು ಪ್ಯಾಕೇಜಿಂಗ್?

ಪ್ರೋಗ್ರಾಂ ಬರೆದು ಮುಗಿಸಿದ ಮಾತ್ರಕ್ಕೆ ಅದು ಎಲ್ಲರ ಕಂಪ್ಯೂಟರ್‌ನಲ್ಲೂ ಓಡುವುದಿಲ್ಲ. ಅದು ಆಧರಿಸಿರುವ ಲೈಬ್ರರಿಗಳು, ಫಾಂಟ್‌ಗಳು, ಐಕಾನ್‌ಗಳು, ಕೆಲವೊಮ್ಮೆ ಜಾವಾ ಅಥವಾ ಪೈಥಾನ್‌ನಂಥ ಇಡೀ ವ್ಯವಸ್ಥೆಯೇ ಜೊತೆಯಲ್ಲಿರಬೇಕು. ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟಿದಂತೆ, ದಾರಿಯಲ್ಲಿ ಏನು ಸಿಗುತ್ತದೋ ಇಲ್ಲವೋ ಎಂದು ಬೇಕಾದದ್ದನ್ನೆಲ್ಲ ಒಂದೇ ಗಂಟಿನಲ್ಲಿಟ್ಟು ಕೊಡುವುದೇ ಪ್ಯಾಕೇಜಿಂಗ್. ಬಳಕೆದಾರ ಡೌನ್‌ಲೋಡ್ ಮಾಡಿ, ಎರಡು ಬಾರಿ ಕ್ಲಿಕ್ಕಿಸಿ, ಕೆಲಸ ಶುರು ಮಾಡುವಂತಿದ್ದರೆ ಗಂಟು ಸರಿಯಾಗಿದೆ ಎಂದರ್ಥ.

ತೊಂದರೆಯೆಂದರೆ ಮೂರು ಊರುಗಳಿಗೆ ಮೂರು ಬಗೆಯ ಗಂಟು ಬೇಕು. ವಿಂಡೋಸ್‌ನಲ್ಲಿ ಇಎಕ್ಸ್‌ಇ ಅಥವಾ ಎಂಎಸ್ಐ ಕಡತ. ಮ್ಯಾಕ್‌ನಲ್ಲಿ ಡಿಎಂಜಿ ಕಡತ ತೆರೆದು, ಐಕಾನನ್ನು ಅಪ್ಲಿಕೇಶನ್ಸ್ ಫೋಲ್ಡರ್‌ಗೆ ಎಳೆಯಬೇಕು. ಲಿನಕ್ಸ್‌ನಲ್ಲಂತೂ ಒಂದಕ್ಕೆ ಐದು. ಡೆಬಿಯನ್ ಮತ್ತು ಉಬುಂಟುಗೆ ಡೆಬ್, ಫೆಡೋರಾಕ್ಕೆ ಆರ್‌ಪಿಎಂ, ಇವುಗಳ ಮೇಲೆ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್, ಆ್ಯಪ್‌ಇಮೇಜ್.

‘ಒಮ್ಮೆ ಬರೆಯಿರಿ, ಎಲ್ಲೆಡೆ ಓಡಿಸಿ’ ಎಂಬುದು 1990ರ ದಶಕದಲ್ಲಿ ಜಾವಾ ಕೊಟ್ಟ ಭರವಸೆ. ಆದರೆ ಬಳಕೆದಾರ ಮೊದಲು ಜಾವಾವನ್ನೇ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಅದರಲ್ಲೂ ಸರಿಯಾದ ಆವೃತ್ತಿಯೇ ಇರಬೇಕಿತ್ತು. ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಈ ಪಾಡು ಗೊತ್ತು. ಅನಂತರ ಬಂದದ್ದು ಎಲೆಕ್ಟ್ರಾನ್. 2013ರಲ್ಲಿ ಗಿಟ್‌ಹಬ್‌ನಲ್ಲಿ ಆರಂಭವಾದ ಈ ತಂತ್ರಜ್ಞಾನ ಪ್ರತಿ ಆ್ಯಪ್‌ನ ಜೊತೆಗೆ ಒಂದು ಪೂರ್ತಿ ಬ್ರೌಸರನ್ನೇ ಕಟ್ಟಿ ಕೊಡುತ್ತದೆ. ಮೂರೂ ವ್ಯವಸ್ಥೆಗಳಲ್ಲಿ ಒಂದೇ ರೀತಿ ಕಾಣುತ್ತದೆ, ನಿಜ. ಆದರೆ ಸರಳ ಟಿಪ್ಪಣಿ ಪುಸ್ತಕದಂಥ ಆ್ಯಪ್ ಕೂಡ ನೂರು ಎಂಬಿ ಆಸುಪಾಸು ತೂಗುತ್ತದೆ, ಮೆಮೊರಿಯನ್ನೂ ಧಾರಾಳವಾಗಿ ತಿನ್ನುತ್ತದೆ. ಬುತ್ತಿಯ ಜೊತೆ ಒಲೆಯನ್ನೂ ಹೊತ್ತ ಹಾಗೆ. ಹೊಸ ಲ್ಯಾಪ್‌ಟಾಪ್‌ಗೆ ಇದು ಲೆಕ್ಕಕ್ಕಿಲ್ಲ. 4 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರ್ ಉಳಿಸಿಕೊಳ್ಳಲು ಹೊರಟವರಿಗೆ ಇದೇ ದೊಡ್ಡ ಅಡ್ಡಿ.

ಒಂದೇ ಬಡಾವಣೆ, ಎರಡು ದಾರಿ

ಈ ಪ್ರಶ್ನೆಗೆ ಹೈದರಾಬಾದ್‌ನ ಗಚ್ಚಿಬೌಲಿ ಒಳ್ಳೆಯ ಉದಾಹರಣೆ. ಇಲ್ಲಿರುವ ಮೈಕ್ರೋಸಾಫ್ಟ್ ಇಂಡಿಯಾ ಡೆವಲಪ್‌ಮೆಂಟ್ ಸೆಂಟರ್ 1998ರಲ್ಲಿ ಹೈದರಾಬಾದ್‌ನಲ್ಲಿ ಆರಂಭವಾಯಿತು. ಅಮೆರಿಕದ ಹೊರಗೆ ಕಂಪನಿ ಹೊಂದಿರುವ ದೊಡ್ಡ ಅಭಿವೃದ್ಧಿ ಕೇಂದ್ರಗಳಲ್ಲಿ ಇದೂ ಒಂದು. ಇದೇ ಗಚ್ಚಿಬೌಲಿಯಲ್ಲಿ ಸ್ವೇಚ್ಛ ಎಂಬ ಸ್ವತಂತ್ರ ತಂತ್ರಾಂಶ ಸಂಘಟನೆಯೂ ಇದೆ. 2005ರಲ್ಲಿ ತೆಲುಗು ಆಪರೇಟಿಂಗ್ ಸಿಸ್ಟಂ ಹೊರತಂದ ತಂಡವಿದು. ಶಾಲಾ ಮಕ್ಕಳಿಗಾಗಿ ಬಾಲ ಸ್ವೇಚ್ಛ ಎಂಬ ಆವೃತ್ತಿಯನ್ನೂ ಅದು ರೂಪಿಸಿತು.

ಎರಡೂ ಕಡೆಯವರು ಒಂದು ವಿಷಯವನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಜನಸಾಮಾನ್ಯರು ಇನ್‌ಸ್ಟಾಲ್ ಮಾಡುವುದಿಲ್ಲ, ಇದ್ದದ್ದನ್ನು ಬಳಸುತ್ತಾರೆ. ವಿಂಡೋಸ್ ಗೆದ್ದದ್ದು ಅಂಗಡಿಯಿಂದ ಬರುವಾಗಲೇ ಕಂಪ್ಯೂಟರ್‌ನಲ್ಲಿ ಕೂತು ಬಂದದ್ದರಿಂದ. ಸ್ವೇಚ್ಛ ಕೂಡ ಬಿಡಿ ಆ್ಯಪ್‌ಗಳನ್ನು ಕೊಡುವ ಬದಲು, ತೆಲುಗು ಮೆನು, ತೆಲುಗು ಫಾಂಟ್, ಬೇಕಾದ ತಂತ್ರಾಂಶ ಎಲ್ಲವನ್ನೂ ಸೇರಿಸಿ ಒಂದೇ ವ್ಯವಸ್ಥೆಯಾಗಿ ಕೊಡಲು ಮುಂದಾಯಿತು. ಆದರೆ ಇಡೀ ಆಪರೇಟಿಂಗ್ ಸಿಸ್ಟಂ ಬದಲಿಸುವುದು ಒಂದು ಆ್ಯಪ್ ಹಾಕಿಕೊಳ್ಳುವುದಕ್ಕಿಂತ ಎಷ್ಟೋ ಪಾಲು ಕಷ್ಟ. ಅದಕ್ಕಾಗಿಯೇ ಸ್ವತಂತ್ರ ತಂತ್ರಾಂಶ ಸಂಘಟನೆಗಳು ಹಲವೆಡೆ ಇನ್‌ಸ್ಟಾಲ್ ಫೆಸ್ಟ್‌ಗಳನ್ನು ನಡೆಸುತ್ತವೆ. ಜನ ಲ್ಯಾಪ್‌ಟಾಪ್ ತರುತ್ತಾರೆ, ಸ್ವಯಂಸೇವಕರು ಕುಳಿತು ಹಾಕಿಕೊಡುತ್ತಾರೆ. ಪ್ಯಾಕೇಜಿಂಗ್ ಎಲ್ಲಿ ಸೋಲುತ್ತದೋ ಅಲ್ಲಿ ಮನುಷ್ಯರೇ ನಿಂತು ಆ ಅಂತರ ತುಂಬಬೇಕಾಗುತ್ತದೆ.

ಬೆಂಗಳೂರಿನಲ್ಲೂ ಇಂಥದ್ದೇ ಪ್ರಯತ್ನ ನಡೆದಿತ್ತು. ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶ ಕಾರ್ಯಕರ್ತರು ಆರಂಭಿಸಿದ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರದಲ್ಲಿ ಮಕ್ಕಳು ಹಳೆಯ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಬಳಸಿ ಚಿತ್ರ ಬಿಡಿಸುವುದನ್ನು ಕಲಿತರು. ಲಿನಕ್ಸ್ ಬಡಮಕ್ಕಳಿಗೆ ಅರ್ಥವಾಗದು ಎಂಬ ಮಾತನ್ನು ಅದು ಸುಳ್ಳಾಗಿಸಿತು. ಕಲಿಯುವವರಿಗೆ ಬಳಕೆ ಕಷ್ಟವಾಗಲಿಲ್ಲ. ಆದರೆ ಕಂಪ್ಯೂಟರನ್ನು ಸಿದ್ಧಮಾಡಿಕೊಡಲು ಯಾರೋ ಒಬ್ಬರು ಬೇಕಿತ್ತು.

ಕನ್ನಡಕ್ಕೆ ಮೂರು ಬಾಗಿಲು

ಭಾರತೀಯ ಭಾಷೆಗಳಿಗೆ ಈ ಸಮಸ್ಯೆ ಇನ್ನಷ್ಟು ಬಿಗಿ. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ, ಎರಡೂ ಕನ್ನಡಿಗರನ್ನು ಕಂಪ್ಯೂಟರ್‌ಗೆ ಕರೆತಂದ ತಂತ್ರಾಂಶಗಳು. ಅವುಗಳ ಯಶಸ್ಸಿನಲ್ಲಿ ಪ್ಯಾಕೇಜಿಂಗ್ ಪಾತ್ರ ದೊಡ್ಡದು. ಫಾಂಟ್, ಕೀಲಿಮಣೆ ವಿನ್ಯಾಸ, ಸಂಪಾದಕ ಎಲ್ಲವೂ ಒಂದೇ ಕಡತದಲ್ಲಿ ಬಂದು, ಕ್ಲಿಕ್ಕಿಸಿದರೆ ಕೂತುಬಿಡುತ್ತಿದ್ದವು. ಆದರೆ ಆ ಗಂಟು ಕಟ್ಟಿದ್ದು ವಿಂಡೋಸ್‌ಗಾಗಿ. ಸರ್ಕಾರಿ ಕಚೇರಿಗಳ ಕಡತಗಳು ಹಳೆಯ ನುಡಿ ಫಾಂಟ್‌ಗಳಲ್ಲಿ ಬೆಳೆದಂತೆ, ಕನ್ನಡದ ಕೆಲಸವೆಂದರೆ ವಿಂಡೋಸ್ ಎಂಬಂತಾಯಿತು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುವ ಕಡತಗಳು ಇಂದಿಗೂ ಎಷ್ಟೋ ಕಚೇರಿಗಳಲ್ಲಿವೆ.

ಯೂನಿಕೋಡ್ ಬಂದ ಮೇಲೆ ಚಿತ್ರ ಬದಲಾಯಿತು. ವಿಂಡೋಸ್ ಎಕ್ಸ್‌ಪಿ ತನ್ನೊಳಗೇ ತುಂಗಾ ಎಂಬ ಕನ್ನಡ ಫಾಂಟ್ ತಂದಿತು. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆ ಸೇರಿತು. ಲಿನಕ್ಸ್‌ನ ಐಬಸ್ ವ್ಯವಸ್ಥೆಯಲ್ಲಿ ನುಡಿ ಬಳಕೆದಾರರಿಗೆ ಅಭ್ಯಾಸವಾದ ಕೆಜಿಪಿ ವಿನ್ಯಾಸವೂ ಲಭ್ಯವಿದೆ. ಮ್ಯಾಕ್‌ನಲ್ಲೂ ಕನ್ನಡ ಫಾಂಟ್, ಕೀಲಿಮಣೆ ಮೊದಲೇ ಇವೆ. ಅಂದರೆ, ಕನ್ನಡ ಆಪರೇಟಿಂಗ್ ಸಿಸ್ಟಂನೊಳಗೇ ಸೇರಿದಾಗ ಇನ್‌ಸ್ಟಾಲ್ ಮಾಡುವ ತಾಪತ್ರಯವೇ ತಪ್ಪಿತು.

ಎಲ್ಲ ಕಡೆ ಹಾಗಾಗಿಲ್ಲ. ಉಚಿತ ಕಚೇರಿ ತಂತ್ರಾಂಶ ಲಿಬ್ರೆಆಫೀಸ್‌ನ ಮೆನುಗಳು ಕನ್ನಡದಲ್ಲಿ ಸಿಗುತ್ತವೆ. ಆದರೆ ಅಲ್ಲಿಗೆ ತಲುಪುವ ದಾರಿ ಮೂರು ಕಡೆ ಮೂರು ಥರ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ‘ಕಸ್ಟಮ್’ ಆಯ್ಕೆಯೊಳಗೆ ಹೊಕ್ಕು ಕನ್ನಡವನ್ನು ಆರಿಸಬೇಕು. ಮ್ಯಾಕ್‌ನಲ್ಲಿ ಭಾಷೆಗೆಂದೇ ಎರಡನೆಯ ಕಡತ ಇಳಿಸಿಕೊಳ್ಳಬೇಕು. ಉಬುಂಟುವಿನಲ್ಲಿ ಕನ್ನಡದ ಪ್ಯಾಕೇಜನ್ನು ಪ್ರತ್ಯೇಕವಾಗಿ ಸೇರಿಸಬೇಕು. ಅನುವಾದಕರು ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಕಸ್ಟಮ್ ಎಂಬ ಒಂದು ಗುಂಡಿಯ ಹಿಂದೆ ಅಡಗಿ ಕೂರುತ್ತದೆ. ಕನ್ನಡ ಮೆನು ನಿಜಕ್ಕೂ ಬೇಕಾದ, ಇಂಗ್ಲಿಷ್ ಬಾರದ ಬಳಕೆದಾರನಿಗೆ ಆ ಗುಂಡಿ ಒತ್ತಬೇಕೆಂದು ಗೊತ್ತಾಗುವುದಾದರೂ ಹೇಗೆ?

ಎಚ್ಚರಿಕೆಯನ್ನೇ ಕಡೆಗಣಿಸುವ ಪಾಠ

ಇನ್‌ಸ್ಟಾಲ್ ಸುಲಭವಾದರೆ ಸಾಲದು, ಸುರಕ್ಷಿತವೂ ಆಗಿರಬೇಕು. ಇಲ್ಲಿ ಬರುವುದು ಡಿಜಿಟಲ್ ಸಹಿಯ ಪ್ರಶ್ನೆ. ಅಪರಿಚಿತ ತಯಾರಕರ ತಂತ್ರಾಂಶವನ್ನು ವಿಂಡೋಸ್‌ನಲ್ಲಿ ತೆರೆದರೆ ಸ್ಮಾರ್ಟ್‌ಸ್ಕ್ರೀನ್ ನೀಲಿ ಪರದೆಯೊಂದನ್ನು ಅಡ್ಡ ತರುತ್ತದೆ. ‘ಮೋರ್ ಇನ್ಫೋ’ ಒತ್ತಿ, ಆಮೇಲೆ ‘ರನ್ ಎನಿವೇ’ ಒತ್ತಿದರೆ ಮಾತ್ರ ಮುಂದೆ ಹೋಗಬಹುದು. ಮ್ಯಾಕ್‌ನಲ್ಲಿ ಗೇಟ್‌ಕೀಪರ್ ಎಂಬ ಕಾವಲುಗಾರ 2012ರಿಂದ ಇದ್ದಾನೆ. ಆ್ಯಪ್ ಸ್ಟೋರ್‌ನಿಂದಾಚೆ ಹಂಚುವ ತಂತ್ರಾಂಶವನ್ನೂ ಮೊದಲು ಆ್ಯಪಲ್‌ಗೆ ಕಳಿಸಿ ಪರೀಕ್ಷೆ ಮಾಡಿಸಿಕೊಳ್ಳುವ ನಿಯಮ 2020ರ ಫೆಬ್ರವರಿಯಿಂದ ಪೂರ್ತಿಯಾಗಿ ಜಾರಿಗೆ ಬಂತು. 2024ರ ಸಿಕ್ವೊಯಾ ಆವೃತ್ತಿಯಲ್ಲಿ ಕಂಟ್ರೋಲ್ ಕೀಲಿ ಹಿಡಿದು ಕ್ಲಿಕ್ಕಿಸಿ ದಾಟುವ ಹಳೆಯ ಉಪಾಯವನ್ನೂ ಆ್ಯಪಲ್ ತೆಗೆದುಹಾಕಿತು. ಈಗ ಸೆಟ್ಟಿಂಗ್ಸ್‌ನ ಒಳಗೆ ಹೋಗಿ ಅನುಮತಿ ಕೊಡಬೇಕು.

ಈ ಬಿಗಿಗೆ ಕಾರಣವಿದೆ. ವಂಚಕರು ಕುತಂತ್ರಾಂಶವನ್ನು ಆ್ಯಪ್ ರೂಪದಲ್ಲೇ ಕಳಿಸುತ್ತಾರೆ. ಆದರೆ ಸಹಿಗೆ ಬೆಲೆಯಿದೆ. ಆ್ಯಪಲ್ ಡೆವಲಪರ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್. ವಿಂಡೋಸ್‌ಗೆ ಬೇಕಾದ ಕೋಡ್ ಸಹಿ ಪ್ರಮಾಣಪತ್ರಕ್ಕೂ ಪ್ರತಿವರ್ಷ ಹಣ ತೆರಬೇಕು. ಅದರ ರಹಸ್ಯ ಕೀಲಿಯನ್ನು ಪ್ರತ್ಯೇಕ ಭದ್ರತಾ ಸಾಧನದಲ್ಲೇ ಇಡಬೇಕೆಂಬ ನಿಯಮ 2023ರ ಜೂನ್ 1ರಿಂದ ಇದೆ. ಆದಾಯ ತೆರಿಗೆ, ಜಿಎಸ್‌ಟಿ ಸಲ್ಲಿಕೆಗೆ ಬಳಸುವ ಡಿಜಿಟಲ್ ಸಹಿ ಇದಕ್ಕೆ ನಡೆಯುವುದಿಲ್ಲ. ಸಹಿ ಮಾಡಿದ ಮೇಲೂ ಹೊಸ ಆ್ಯಪ್‌ಗೆ ‘ಹೆಸರು’ ಬರುವ ತನಕ ಸ್ಮಾರ್ಟ್‌ಸ್ಕ್ರೀನ್ ಅನುಮಾನಿಸಬಹುದು. ಬಿಡುವಿನ ವೇಳೆಯಲ್ಲಿ ಕನ್ನಡ ನಿಘಂಟನ್ನೋ ಲಿಪಿ ಪರಿವರ್ತಕವನ್ನೋ ಬರೆದು ಉಚಿತವಾಗಿ ಹಂಚುವವರಿಗೆ ಈ ಖರ್ಚು ಎಲ್ಲಿಂದ ಬರಬೇಕು?

ಹಾಗಾಗಿ ಸಣ್ಣ ತಯಾರಕರು ಸುಲಭದ ದಾರಿ ಹಿಡಿಯುತ್ತಾರೆ. ‘ಎಚ್ಚರಿಕೆ ಬಂದರೆ ಹೆದರಬೇಡಿ, ರನ್ ಎನಿವೇ ಒತ್ತಿ’ ಎಂದು ಸಹಾಯ ಪುಟದಲ್ಲಿ ಬರೆಯುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಬಳಕೆದಾರ ಕಲಿಯುವ ಪಾಠ ಬೇರೆ. ಕೆಂಪು, ನೀಲಿ ಯಾವ ಪರದೆ ಬಂದರೂ ದಾಟಿಹೋಗಬೇಕು ಎಂಬುದು ಆತನಿಗೆ ಅಭ್ಯಾಸವಾಗುತ್ತದೆ. ನಾಳೆ ಬ್ಯಾಂಕ್ ಅಧಿಕಾರಿಯ ಸೋಗಿನಲ್ಲಿ ಕರೆ ಮಾಡಿದವನು ಹೇಳುವುದೂ ಇದೇ ಮಾತು. ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಸಿ ಹಣ ದೋಚುವ ಜಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು.

ಸರ್ಕಾರಿ ತಂತ್ರಾಂಶಗಳೂ ಈ ಅಭ್ಯಾಸಕ್ಕೆ ಹೊರತಲ್ಲ. ಆದಾಯ ತೆರಿಗೆಯ ಎಕ್ಸೆಲ್ ಆಧಾರಿತ ಯುಟಿಲಿಟಿ ಕೆಲಸ ಮಾಡಬೇಕಾದರೆ ಮ್ಯಾಕ್ರೋಗಳನ್ನು ಸಕ್ರಿಯಗೊಳಿಸಬೇಕು. ಇಂಟರ್ನೆಟ್‌ನಿಂದ ಬಂದ ಕಡತಗಳಲ್ಲಿ ಮ್ಯಾಕ್ರೋ ಅಪಾಯಕಾರಿ ಎಂದು ಮೈಕ್ರೋಸಾಫ್ಟ್ 2022ರಿಂದ ಅವನ್ನು ತಾನಾಗಿಯೇ ತಡೆಯುತ್ತಿದೆ. ತೆರಿಗೆದಾರ ಆ ತಡೆಯನ್ನು ತೆಗೆದೇ ಮುಂದುವರಿಯಬೇಕು. 2021ರಲ್ಲಿ ಇಲಾಖೆ ತಂದ ಹೊಸ ಜೆಸಾನ್ ಆಧಾರಿತ ಆಫ್‌ಲೈನ್ ಯುಟಿಲಿಟಿ ಬಳಕೆಗೆ ಸುಲಭವಾಗಿತ್ತು. ಆದರೆ ಅದು ಬಿಡುಗಡೆಯಾದದ್ದು ವಿಂಡೋಸ್ 7 ಮತ್ತು ನಂತರದ ವಿಂಡೋಸ್ ಆವೃತ್ತಿಗಳಿಗೆ. ಆನ್‌ಲೈನ್‌ನಲ್ಲಿ ರಿಟರ್ನ್ ಸಲ್ಲಿಸುವ ದಾರಿ ಎಲ್ಲರಿಗೂ ಇದೆ, ಸರಿ. ಹಾಗಿದ್ದರೂ ನಾಗರಿಕರಿಗಾಗಿ ಮಾಡಿದ ಡೆಸ್ಕ್‌ಟಾಪ್ ಆ್ಯಪ್ ಒಂದೇ ಕಂಪನಿಯ ವ್ಯವಸ್ಥೆಗೆ ಸೀಮಿತವಾದರೆ, ಲಿನಕ್ಸ್‌ಗೆ ಬದಲಾಗಿ ಎಂದು ಯಾರು ಯಾರಿಗೆ ಹೇಳಬಹುದು?

ಅಧಿಕೃತ ಬಾಗಿಲು ಮುಚ್ಚಿದಾಗ

ಇನ್‌ಸ್ಟಾಲ್ ಕಡತ ಎಲ್ಲಿಂದ ಸಿಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಇದಕ್ಕೆ ಭಾರತದ್ದೇ ಉದಾಹರಣೆಯಿದೆ. ವಿಡಿಯೊ ನೋಡಲು ಕೋಟ್ಯಂತರ ಜನ ಬಳಸುವ ವಿಎಲ್‌ಸಿ ಪ್ಲೇಯರ್‌ನ ಅಧಿಕೃತ ಜಾಲತಾಣ 2022ರ ಫೆಬ್ರವರಿಯಿಂದ ದೇಶದಲ್ಲಿ ತೆರೆಯುತ್ತಿರಲಿಲ್ಲ. ತಯಾರಕರಾದ ವಿಡಿಯೊಲ್ಯಾನ್ ಸಂಸ್ಥೆ ಕಾನೂನು ನೋಟಿಸ್ ಕಳಿಸಿದ ಬಳಿಕ ಅದೇ ವರ್ಷದ ನವೆಂಬರ್‌ನಲ್ಲಿ ಸರ್ಕಾರ ತಡೆ ತೆಗೆಯಿತು. ನಡುವಿನ ತಿಂಗಳುಗಳಲ್ಲಿ ವಿಎಲ್‌ಸಿ ಬೇಕೆಂದವರು ಅದನ್ನು ಬಿಟ್ಟುಬಿಡಲಿಲ್ಲ, ಹುಡುಕಾಟದಲ್ಲಿ ಸಿಕ್ಕ ಬೇರೆ ಜಾಲತಾಣಗಳಿಗೆ ಹೋಗಬೇಕಾಯಿತು. ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯಲು ಸಾಮಾನ್ಯ ಬಳಕೆದಾರನ ಬಳಿ ಯಾವ ಸಾಧನವೂ ಇರಲಿಲ್ಲ.

ಇದಕ್ಕೆ ಪರಿಹಾರವಾಗಬೇಕಿದ್ದ ಆ್ಯಪ್ ಅಂಗಡಿಗಳು ಡೆಸ್ಕ್‌ಟಾಪ್‌ನಲ್ಲಿ ಮೊಬೈಲ್‌ನಷ್ಟು ಬೇರೂರಿಲ್ಲ. ಲಿನಕ್ಸ್‌ನಲ್ಲಿ ಇದು ಬಣಗಳ ಜಗಳವೂ ಹೌದು. ಉಬುಂಟು ತನ್ನ ಸ್ನ್ಯಾಪ್‌ಗೆ ಒತ್ತು ಕೊಡುತ್ತದೆ. ಲಿನಕ್ಸ್ ಮಿಂಟ್ 2020ರಿಂದ ಸ್ನ್ಯಾಪನ್ನು ತಡೆಹಿಡಿದು ಫ್ಲ್ಯಾಟ್‌ಪ್ಯಾಕ್ ಪರ ನಿಂತಿದೆ. ಒಂದೇ ಕಡತದಲ್ಲಿ ಎಲ್ಲವನ್ನೂ ಕೊಡುವ ಆ್ಯಪ್‌ಇಮೇಜ್ ಆದರೂ ಸರಳವೇ ಎಂದರೆ, ಉಬುಂಟು 22.04ರಲ್ಲಿ ಅದಕ್ಕೆ ಬೇಕಾದ ಲೈಬ್ರರಿಯೊಂದು ಮೊದಲೇ ಇರಲಿಲ್ಲ. ಕ್ಲಿಕ್ಕಿಸಿದರೆ ಏನೂ ಆಗುತ್ತಿರಲಿಲ್ಲ, ಏಕೆ ಎಂದು ಹೇಳುವ ಸಂದೇಶವೂ ಕಾಣುತ್ತಿರಲಿಲ್ಲ. ತಂತ್ರಜ್ಞರಿಗೆ ಇದು ಒಂದು ಸಾಲಿನ ಕಮಾಂಡ್. ಉಳಿದವರಿಗೆ ಅಲ್ಲಿಗೆ ಕಥೆ ಮುಗಿಯಿತು.

ಕೇರಳ ಮಾಡಿದ್ದೇನು?

ನೆರೆಯ ಕೇರಳ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿದೆ. ಅಲ್ಲಿನ ಶಾಲೆಗಳಿಗೆ ಕೈಟ್ ಸಂಸ್ಥೆ ಉಬುಂಟು ಆಧಾರಿತ ವ್ಯವಸ್ಥೆಯನ್ನು ಪಠ್ಯಕ್ಕೆ ಬೇಕಾದ ತಂತ್ರಾಂಶಗಳ ಸಮೇತ ಸಿದ್ಧಪಡಿಸಿ ಕೊಡುತ್ತದೆ, ಶಿಕ್ಷಕರಿಗೆ ತರಬೇತಿಯನ್ನೂ ನೀಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದೇ ವ್ಯವಸ್ಥೆಯೊಳಗಿವೆ. ಇಲ್ಲಿ ಪ್ರತಿ ಶಿಕ್ಷಕ ಇನ್‌ಸ್ಟಾಲ್ ಕಲಿಯಬೇಕಿಲ್ಲ. ಆ ಹೊಣೆಯನ್ನು ಒಂದು ಸಾರ್ವಜನಿಕ ಸಂಸ್ಥೆ ವರ್ಷದಿಂದ ವರ್ಷಕ್ಕೆ ಹೊತ್ತಿದೆ. ಲಿನಕ್ಸ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗಿಂತ ಇದು ಮುಖ್ಯ. ಸ್ವಯಂಸೇವಕರ ಉತ್ಸಾಹ ಏರಿಳಿಯುತ್ತದೆ, ಸಂಬಳ ಕೊಟ್ಟು ನಡೆಸುವ ವ್ಯವಸ್ಥೆ ಉಳಿಯುತ್ತದೆ.

ಮುಂದೇನು?

ತಾಂತ್ರಿಕವಾಗಿ ಕೆಲಸ ಹಿಂದಿಗಿಂತ ಹಗುರವಾಗಿದೆ. ಗಿಟ್‌ಹಬ್ ಮುಕ್ತ ಯೋಜನೆಗಳಿಗೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಪ್ಯಾಕೇಜ್ ಕಟ್ಟುವ ಯಂತ್ರಗಳನ್ನು ಉಚಿತವಾಗಿ ಒದಗಿಸುತ್ತದೆ. ಮೈಕ್ರೋಸಾಫ್ಟ್ 2025ರಲ್ಲಿ ತನ್ನ ಸ್ಟೋರ್‌ಗೆ ವೈಯಕ್ತಿಕ ಡೆವಲಪರ್‌ಗಳ ನೋಂದಣಿ ಶುಲ್ಕವನ್ನು ಕೈಬಿಟ್ಟಿದೆ. ಉಳಿದಿರುವುದು ನಂಬಿಕೆಯ ಖರ್ಚನ್ನು ಯಾರು ಭರಿಸಬೇಕು ಎಂಬ ಪ್ರಶ್ನೆ.

ಇಲ್ಲಿ ಸರ್ಕಾರಿ ಸಂಸ್ಥೆಗಳು ಮಾಡಬಹುದಾದದ್ದಿದೆ. ಕೇಂದ್ರದ ಮಾಹಿತಿ ಸುರಕ್ಷತಾ ಜಾಗೃತಿ ಯೋಜನೆಯ ಪ್ರಚಾರ ಕೆಲಸವನ್ನು ನೋಡಿಕೊಳ್ಳುವುದು ಹೈದರಾಬಾದ್‌ನ ಸಿ-ಡ್ಯಾಕ್. ‘ಗೊತ್ತಿಲ್ಲದ್ದನ್ನು ಇನ್‌ಸ್ಟಾಲ್ ಮಾಡಬೇಡಿ’ ಎಂದು ಬಳಕೆದಾರರಿಗೆ ಹೇಳುವುದು ಅಗತ್ಯವೇ. ಅದರ ಜೊತೆಗೆ, ಭಾರತೀಯ ಭಾಷೆಗಳ ಉಚಿತ ತಂತ್ರಾಂಶಗಳನ್ನು ಪರಿಶೀಲಿಸಿ, ಸಹಿ ಹಾಕಿ, ಮೂರೂ ವ್ಯವಸ್ಥೆಗಳಿಗೆ ಕಟ್ಟಿಕೊಡುವ ಸಾರ್ವಜನಿಕ ಸೇವೆಯೊಂದಿದ್ದರೆ ಆ ಮಾತಿಗೆ ಬಲ ಬರುತ್ತದೆ. ಬಳಕೆದಾರನಿಗೆ ಆಗ ‘ಬೇಡ’ ಎನ್ನುವುದರ ಜೊತೆ ‘ಇಲ್ಲಿಂದ ತೆಗೆದುಕೊಳ್ಳಿ’ ಎಂದೂ ಹೇಳಬಹುದು. ಕನ್ನಡದ ಮಟ್ಟಿಗೆ ಇಂಥ ಕೆಲಸ ಕರ್ನಾಟಕ ಸರ್ಕಾರದ್ದೂ ಹೌದು.

ಆದರೆ ಸರ್ಕಾರಿ ಸಹಿ ಎಂದ ಕೂಡಲೇ ಎಲ್ಲವೂ ಸರಿಹೋಗುವುದಿಲ್ಲ. 2014ರ ಜುಲೈನಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಮಾಣಪತ್ರ ವ್ಯವಸ್ಥೆಯಿಂದ ಗೂಗಲ್ ಜಾಲತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಂದದ್ದು ಪತ್ತೆಯಾಗಿ, ಅವನ್ನು ರದ್ದುಮಾಡಬೇಕಾಯಿತು. ಸಹಿ ಹಾಕುವ ಅಧಿಕಾರದ ಜೊತೆಗೆ ಕೀಲಿ ಕಾಯುವ ಶಿಸ್ತು, ಬಹಿರಂಗ ದಾಖಲೆ, ಹೊರಗಿನವರ ತಪಾಸಣೆ ಇಲ್ಲದಿದ್ದರೆ ಒಂದು ಸೋರಿಕೆ ಎಲ್ಲ ಆ್ಯಪ್‌ಗಳ ಹೆಸರನ್ನೂ ಕೆಡಿಸುತ್ತದೆ.

ಬಳಕೆದಾರರು ಇಷ್ಟು ಮಾಡಬಹುದು. ಹುಡುಕಾಟದಲ್ಲಿ ಮೊದಲು ಬಂದ ಜಾಹೀರಾತನ್ನು ಬಿಟ್ಟು, ತಯಾರಕರ ಅಧಿಕೃತ ತಾಣ ಅಥವಾ ಆಪರೇಟಿಂಗ್ ಸಿಸ್ಟಂನ ಸ್ವಂತ ಅಂಗಡಿಯಿಂದಲೇ ಆ್ಯಪ್ ಪಡೆಯಬೇಕು. ಎಚ್ಚರಿಕೆಯ ಪರದೆ ಬಂದರೆ ತಯಾರಕರ ಹೆಸರು ಓದಬೇಕು, ಹೆಸರೇ ಇಲ್ಲದಿದ್ದರೆ ನಿಲ್ಲಬೇಕು. ಫೋನ್‌ನಲ್ಲಿ ಯಾರೋ ಹೇಳಿದರೆಂದು ಏನನ್ನೂ ಇನ್‌ಸ್ಟಾಲ್ ಮಾಡಬಾರದು. ಹಣ ಹೋಗಿದೆ ಎಂದು ಗೊತ್ತಾದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸಂಸ್ಥೆಗಳು ಮಾಡಬೇಕಾದದ್ದು ಇದಕ್ಕಿಂತ ಹೆಚ್ಚು. ವಿಂಡೋಸ್ 10ರ ನಂತರ ಲಕ್ಷಾಂತರ ಹಳೆಯ ಕಂಪ್ಯೂಟರ್‌ಗಳು ಗುಜರಿಗೆ ಹೋಗಬೇಕೋ, ಇನ್ನೈದು ವರ್ಷ ಶಾಲೆ, ಅಂಗಡಿಗಳಲ್ಲಿ ದುಡಿಯಬೇಕೋ ಎಂಬುದು ಲಿನಕ್ಸ್ ಎಷ್ಟು ಚೆನ್ನಾಗಿದೆ ಎಂಬುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಜನರಿಗೆ ಬೇಕಾದ ಹತ್ತಾರು ತಂತ್ರಾಂಶಗಳು ಅದರಲ್ಲಿ ಎರಡು ಕ್ಲಿಕ್‌ಗೆ, ಭಯವಿಲ್ಲದೆ ಸಿಗುತ್ತವೆಯೇ ಎಂಬುದರಿಂದ ತೀರ್ಮಾನವಾಗುತ್ತದೆ.